ಸುಣ್ಣದ ಹಾಸಿನ ಕೆಳಗೆ ಸಿಕ್ಕಿದ್ದು

ಒಬ್ಬರ ಹಿಂದೊಬ್ಬರು, ಕೈಯಲ್ಲೊಂದೊಂದು ಮೇಣದಬತ್ತಿ ಹಿಡಿದು ಗವಿಯೊಳಕ್ಕೆ ಇಳಿದರು. ಸಾಲಿನ ಕೊನೆಗೆ ಇದ್ದವನು ಒಬ್ಬ ಪಾದ್ರಿ. ಅದು 1825ರ ಬೇಸಿಗೆ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಸೀಮೆಯಲ್ಲಿ ಟಾರ್ಕೀ ಅಂತ ಒಂದು ಕಡಲತಡಿಯ ಊರು. ಊರಿನ ಪಕ್ಕದ ಗುಡ್ಡದ ಹೊಟ್ಟೆಯಲ್ಲಿ ಕೆಂಟ್ಸ್ ಕ್ಯಾವರ್ನ್ ಎಂಬ ಸುಣ್ಣಕಲ್ಲಿನ ಗವಿ. ಮುಂದೆ ನಡೆಯುತ್ತಿದ್ದ ಮುಖಂಡನ ಹೆಸರು ಥಾಮಸ್ ನಾರ್ತ್‌ಮೋರ್. ಅವನಿಗೆ ಒಂದೇ ಏಟಿಗೆ ಎರಡು ಆಸೆ: ಗವಿಯ ನೆಲದಲ್ಲಿ ಹಳೆಯ ಪ್ರಾಣಿಗಳ ಎಲುಬು ಸಿಗಬೇಕು, ಜೊತೆಗೆ ಈ ಗವಿ ಒಂದು ಕಾಲಕ್ಕೆ ಮಿತ್ರ ದೇವರ ಗುಡಿಯಾಗಿತ್ತು ಅಂತ ಸಾಬೀತಾಗಬೇಕು. ಮಿತ್ರ ಅಂದರೆ ರೋಮನ್ ಸಿಪಾಯಿಗಳು ಪೂಜಿಸುತ್ತಿದ್ದ ದೇವರು, ನಮ್ಮ ಋಗ್ವೇದದ ಮಿತ್ರನಿಗೆ ದೂರದ ದಾಯಾದಿ.

ಎಲ್ಲರೂ ಮುಖಂಡನ ಸುತ್ತ ಸೇರಿ ಅವನ ಮಾತು ಕೇಳುತ್ತಿದ್ದಾಗ ಪಾದ್ರಿ ಮಾತ್ರ ಮೆಲ್ಲಗೆ ಬೇರೊಂದು ಕಡೆ ಸರಿದ. ಯಾರೋ ಮೊದಲೇ ಕೆದಕಿಬಿಟ್ಟಿದ್ದ ಮಣ್ಣು, ಕಲ್ಲುಚೂರು. ಬತ್ತಿ ಬಗ್ಗಿಸಿ ನೋಡಿದರೆ ಮಣ್ಣಿನಲ್ಲಿ ಏನೋ ಹೊಳೆಯಿತು. ಕೈಹಾಕಿದ. ಹಲ್ಲು. ಅವನ ಜೀವಮಾನದಲ್ಲಿ ಕಂಡ ಮೊದಲ ಕಲ್ಲಾದ ಹಲ್ಲುಗಳು. ಭೂಮಿಯ ಮೇಲೆ ಈಗ ಇಲ್ಲದ ಜೀವಗಳ ಹಲ್ಲು ತನ್ನ ಬೆರಳಿಗೆ ತಗುಲಿದೆ ಅನ್ನುವುದು ಹೊಳೆದ ಕೂಡಲೇ ಕೈ ತಾನಾಗಿ ಹಿಂದಕ್ಕೆ ಬಂತಂತೆ. ಹಿಗ್ಗಿಗಿಂತ ದಿಗಿಲೇ ಹೆಚ್ಚಾಯಿತು ಅಂತ ಅವನೇ ಬರೆದಿಟ್ಟಿದ್ದಾನೆ.

ಹೀಗೆ ಶುರುಮಾಡಿದರು ನಮ್ಮ ಭೂಗರ್ಭಶಾಸ್ತ್ರದ ಮೇಷ್ಟ್ರು, ಬಳ್ಳಾರಿ ಹತ್ತಿರ ಸಂಗನಕಲ್ಲು ಗುಡ್ಡದ ಬುಡದಲ್ಲಿ, ಡಿಸೆಂಬರಿನ ಒಂದು ರಾತ್ರಿ. ಬಿಎಸ್ಸಿ ಓದುತ್ತಿದ್ದ ನಾವು ಒಂದಷ್ಟು ಮಂದಿ ಬಂಡೆ, ಮಣ್ಣು ನೋಡಲು ಹೋಗಿದ್ದೆವು. ಬಳ್ಳಾರಿ ಜಾಲಿಯ ಕಟ್ಟಿಗೆ ಚಟಚಟ ಉರಿಯುತ್ತಿತ್ತು. ಅದರ ಕೆಂಡದಲ್ಲಿ ಶೇಂಗಾ ಸುಟ್ಟು ತಿನ್ನುತ್ತಾ ಕೂತಿದ್ದೆವು. ಅದೇ ದಿನ ಗುಡ್ಡದ ಮೇಲೆ ಮೇಷ್ಟ್ರು ನಮಗೆ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಕೆತ್ತುತ್ತಿದ್ದ ಜಾಗ ತೋರಿಸಿದ್ದರು. ರಾಶಿರಾಶಿ ಕಲ್ಲುಚಕ್ಕೆ, ಕಾರ್ಖಾನೆಯೇ ಸೈ. ಅದನ್ನು ಮೊದಲು ಗುರುತಿಸಿದವರು ಯಾರು ಅಂತ ಯಾರೋ ಕೇಳಿದ್ದಕ್ಕೆ “ರಾಬರ್ಟ್ ಬ್ರೂಸ್ ಫೂಟ್” ಅಂದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರಿಗೆ ಯಾವ ಪ್ರಶ್ನೆಗೂ ಒಂದು ಸಾಲಿನ ಉತ್ತರ ಕೊಟ್ಟು ಗೊತ್ತಿಲ್ಲ. “ಫೂಟ್ ಇಲ್ಲಿಗೆ ಬರಬೇಕಾದರೆ ಅದಕ್ಕೂ ಮುಂಚೆ ಒಬ್ಬ ಪಾದ್ರಿ ಗವಿಯಲ್ಲಿ ಸೋಲಬೇಕಾಯಿತು, ಕೇಳ್ರಪ್ಪಾ” ಅಂತ ಕಂಬಳಿ ಸರಿಮಾಡಿಕೊಂಡರು. ಅವರ ಕತೆಗೆ ನಾನು ಆಮೇಲೆ ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಹೇಳುತ್ತಿದ್ದೇನೆ. ಎಲ್ಲಿ ಅವರ ಮಾತು ಮುಗಿದು ಎಲ್ಲಿ ನನ್ನದು ಶುರುವಾಯಿತು ಅನ್ನುವುದು ಈಗ ನನಗೇ ಬಿಡಿಸಿ ಹೇಳಲಾಗದು.

ಪಾದ್ರಿಯ ಹೆಸರು ಜಾನ್ ಮೆಕೆನರಿ. ಐರ್ಲೆಂಡಿನ ಲಿಮರಿಕ್ ಊರಿನವನು, 1796ರ ಸುಮಾರಿಗೆ ಹುಟ್ಟಿದವನು, ಕ್ಯಾಥೊಲಿಕ್ ಪಂಗಡದವನು. 1822ರಲ್ಲಿ ಟಾರ್ಕೀಗೆ ಬಂದದ್ದು ಕೇರಿ ಎಂಬ ಮನೆತನಕ್ಕೆ ಖಾಸಗಿ ಪಾದ್ರಿಯಾಗಿ. ಅವರ ವಾಸ ಟಾರ್ ಆ್ಯಬಿಯಲ್ಲಿ. 12ನೇ ಶತಮಾನದ ಕೊನೆಗೆ ಕಟ್ಟಿದ ಸನ್ಯಾಸಿ ಮಠ ಅದು. ಮಠ ಹೋಗಿ ಬಂಗಲೆಯಾಗಿತ್ತು. ಇಂಗ್ಲೆಂಡಿನ ರಾಜಧರ್ಮ ಬೇರೆಯಾದ ಮೇಲೂ ಕೇರಿ ಮನೆತನದವರು ಹಳೆಯ ನಂಬಿಕೆ ಬಿಟ್ಟಿರಲಿಲ್ಲ. ಮನೆಯೊಳಗೇ ಪ್ರಾರ್ಥನಾಮಂದಿರ, ಮನೆಯೊಳಗೇ ಬಲಿಪೂಜೆ, ಅದಕ್ಕೊಬ್ಬ ಪಾದ್ರಿ. ಆ ಕಾಲದ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ಆ ಹಕ್ಕು ಸಿಕ್ಕಿದ್ದು 1829ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಬೇಕಾದರೆ ಇಂಗ್ಲೆಂಡ್ ಚರ್ಚಿನ ತತ್ವಗಳಿಗೆ ಸಹಿ ಹಾಕಲೇಬೇಕಿತ್ತು, ಅಂದರೆ ಕ್ಯಾಥೊಲಿಕನಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. ಈ ಸಂಗತಿ ನೆನಪಿಟ್ಟುಕೊಳ್ಳಿ ಅಂತ ಮೇಷ್ಟ್ರು ಬೆರಳೆತ್ತಿ ಹೇಳಿದ್ದರು. ಹೊರಗಿನವನು, ಅದರಲ್ಲೂ ಐರಿಶ್, ಅದರಲ್ಲೂ ಇನ್ನೊಬ್ಬರ ಮನೆಯ ಅನ್ನದಲ್ಲಿ ಇದ್ದವನು.

ಅಂಥವನಿಗೆ ಗವಿಯ ಹುಚ್ಚು ಹಿಡಿಯಿತು. ಮುಂದಿನ ನಾಲ್ಕು ವರ್ಷ, 1829ರವರೆಗೆ, ಮತ್ತೆ ಮತ್ತೆ ಹೋಗಿ ಅಗೆದ. ಆ ಗವಿ ಬೇಸಿಗೆಗೂ ಚಳಿಗಾಲಕ್ಕೂ ಒಂದೇ ತಂಪು, ಸುಮಾರು 14 ಡಿಗ್ರಿ. ಮೇಲಿಂದ ಸದಾ ತೊಟ್ಟಿಕ್ಕುವ ನೀರು. ಆ ನೀರಿನಲ್ಲಿ ಕರಗಿದ ಸುಣ್ಣ ನೆಲಕ್ಕೆ ಬಿದ್ದು, ಒಣಗಿ, ಸಾವಿರಾರು ವರ್ಷಕ್ಕೆ ಒಂದು ಗಟ್ಟಿ ಹಾಸುಗಲ್ಲಾಗುತ್ತದೆ. ಕೆಲವು ಕಡೆ ಅದು ಅಡಿಗಟ್ಟಲೆ ದಪ್ಪ. ಅದನ್ನು ಸುತ್ತಿಗೆ, ಹಾರೆಯಿಂದ ಒಡೆದರೆ ಕೆಳಗೆ ಕೆಂಪು ಮಣ್ಣು, ಆ ಮಣ್ಣಿನಲ್ಲಿ ಎಲುಬುಗಳ ಸಂತೆ. ಕತ್ತೆಕಿರುಬ, ಕರಡಿ, ಮ್ಯಾಮತ್, ಮೈತುಂಬ ಉಣ್ಣೆಯಿದ್ದ ಘೇಂಡಾಮೃಗ, ಕಾಡುಕುದುರೆ. ಒಂದು ಸಲ ಕತ್ತಿಯ ಹಾಗೆ ಬಾಗಿ ಅಂಚೆಲ್ಲ ಗರಗಸದಂತಿದ್ದ ಕೋರೆಹಲ್ಲುಗಳೂ ಸಿಕ್ಕವು. ಕತ್ತಿಹಲ್ಲಿನ ಬೆಕ್ಕು ಎಂದು ಈಗ ನಾವು ಕರೆಯುವ ದೊಡ್ಡ ಮೃಗದ ಹಲ್ಲು ಅವು. ಬ್ರಿಟನ್ನಿನಲ್ಲಿ ಅದುವರೆಗೆ ಯಾರೂ ಅಂಥದ್ದನ್ನು ಕಂಡಿರಲಿಲ್ಲ.

ಇಷ್ಟೇ ಆಗಿದ್ದರೆ ಪಾದ್ರಿಗೆ ಕೀರ್ತಿ ಬರುತ್ತಿತ್ತು, ತೊಂದರೆ ಬರುತ್ತಿರಲಿಲ್ಲ. ಆದರೆ ಅದೇ ಹಾಸುಗಲ್ಲಿನ ಕೆಳಗೆ, ಅದೇ ಎಲುಬುಗಳ ಮಗ್ಗುಲಲ್ಲಿ ಚಕಮಕಿ ಕಲ್ಲಿನ ಚೂರುಗಳೂ ಸಿಕ್ಕವು. ಚೂರು ಅಂದರೆ ಬರೀ ಚೂರಲ್ಲ. ಅಂಚು ತಟ್ಟಿ ತಟ್ಟಿ ಹರಿತ ಮಾಡಿದ್ದು. ಮನುಷ್ಯನ ಕೈ ಮಾಡಿದ್ದು.

“ಅದರಲ್ಲೇನು ತೊಂದರೆ ಸಾರ್?” ಅಂದ ಹಗರಿಬೊಮ್ಮನಹಳ್ಳಿ ಕಡೆಯ ನಮ್ಮ ಗೆಳೆಯ. ಅವನು ಅಷ್ಟೊತ್ತೂ ಅಂಗೈಯಲ್ಲಿ ಒಂದು ಕಲ್ಲುಚಕ್ಕೆಯನ್ನು ತಿರುವುತ್ತಾ ಕೂತಿದ್ದ. “ಬೈಬಲಿಗೆ ವಿರುದ್ಧ ಆಯ್ತು ಅಂತಲಾ?”

ಮೇಷ್ಟ್ರು ಇದಕ್ಕೇ ಕಾದಿದ್ದರು. ಎಲ್ಲರೂ ಹಾಗೇ ಹೇಳ್ತಾರೆ, ಚರ್ಚು ವಿಜ್ಞಾನದ ಕತ್ತು ಹಿಸುಕಿತು ಅಂತ. ಇಲ್ಲಿ ಅದು ಅಷ್ಟು ಸಲೀಸಲ್ಲ ಅಂದರು. ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಆರ್ಚ್‌ಬಿಷಪ್ ಅಷರ್ 17ನೇ ಶತಮಾನದಲ್ಲಿ ಲೆಕ್ಕ ಹಾಕಿದ್ದೇನೋ ನಿಜ. ಆದರೆ 1820ರ ಹೊತ್ತಿಗೆ ಭೂವಿಜ್ಞಾನ ಬಲ್ಲ ಪಾದ್ರಿಗಳೇ ಆ ಲೆಕ್ಕವನ್ನು ಭೂಮಿಗೆ ಅನ್ವಯಿಸುವುದನ್ನು ಬಿಟ್ಟಿದ್ದರು. ಭೂಮಿ ಬಹಳ ಹಳೆಯದು, ಪ್ರಾಣಿಗಳು ಎಷ್ಟೋ ಬಂದವು, ಎಷ್ಟೋ ಅಳಿದವು, ಅಡ್ಡಿಯಿಲ್ಲ. ಮನುಷ್ಯ ಮಾತ್ರ ಎಲ್ಲಕ್ಕಿಂತ ಕೊನೆಗೆ, ತೀರಾ ಇತ್ತೀಚೆಗೆ ಬಂದವನು. ಘೇಂಡಾಮೃಗ ಇಂಗ್ಲೆಂಡಿನಲ್ಲಿ ಮೇಯುತ್ತಿದ್ದಾಗ ಮನುಷ್ಯ ಇರಲೇ ಇಲ್ಲ. ಇದೊಂದು ಗೆರೆಯನ್ನು ದಾಟಲು ಬಹುತೇಕ ಯಾರಿಗೂ ಮನಸ್ಸಿರಲಿಲ್ಲ, ನಾಸ್ತಿಕರಿಗೂ. ಪ್ಯಾರಿಸ್ಸಿನ ಕ್ಯೂವಿಯೆಯಂಥ ಪಂಡಿತನ ಪ್ರಭಾವವೂ ಆ ಕಡೆಗೇ ಇತ್ತು.

ಮೆಕೆನರಿ ತನ್ನ ಚಕಮಕಿ ಕಲ್ಲುಗಳನ್ನು ತೋರಿಸಿದ್ದು ವಿಲಿಯಂ ಬಕ್‌ಲ್ಯಾಂಡನಿಗೆ. ಇವನೂ ಪಾದ್ರಿಯೇ, ಆದರೆ ಇಂಗ್ಲೆಂಡ್ ಚರ್ಚಿನ ಪಾದ್ರಿ, ಆಕ್ಸ್‌ಫರ್ಡಿನಲ್ಲಿ ಭೂವಿಜ್ಞಾನದ ಅಧ್ಯಾಪಕ, ಮುಂದೆ 1845ರಲ್ಲಿ ವೆಸ್ಟ್‌ಮಿನ್‌ಸ್ಟರ್ ಆ್ಯಬಿಗೇ ಡೀನ್ ಆದವನು. ಇವನ ಬಗ್ಗೆ ಮೇಷ್ಟ್ರು ಹೇಳಲು ಹೊರಟರೆ ಮೂಲ ಕತೆಯೇ ಮರೆತುಹೋಗುತ್ತಿತ್ತು. ಪ್ರಾಣಿಪ್ರಪಂಚವನ್ನೆಲ್ಲ ತಿಂದು ರುಚಿ ನೋಡಬೇಕೆಂದು ಹಟ ತೊಟ್ಟ ಮನುಷ್ಯ. ಅವನ ಮನೆಗೆ ಊಟಕ್ಕೆ ಹೋದವರಿಗೆ ಟೋಸ್ಟಿನ ಮೇಲೆ ಇಲಿ ಬಡಿಸಿದ್ದಿದೆ, ಮೊಸಳೆಯೂ ಬಂದದ್ದಿದೆ. ತಿಂದದ್ದರಲ್ಲೆಲ್ಲ ಕೆಟ್ಟದ್ದು ನೆಲ ಕೊರೆಯುವ ಮೋಲ್ ಎಂದುಕೊಂಡಿದ್ದನಂತೆ. ಆಮೇಲೆ ನೀಲಿ ನೊಣ ತಿಂದು ಅಭಿಪ್ರಾಯ ಬದಲಿಸಿದ. ಮನೆಯಲ್ಲೊಂದು ಕತ್ತೆಕಿರುಬ ಸಾಕಿದ್ದ, ಅದರ ಹೆಸರು ಬಿಲ್ಲಿ. ಹುಡುಗಿಯರು “ಛೀ” ಅಂದರು, ನಾವು ಇನ್ನೊಂದಷ್ಟು ಹೇಳಿ ಅಂದೆವು.

ಆದರೆ ಈ ಕೋಡಂಗಿತನದ ಹಿಂದೆ ಇದ್ದ ತಲೆ ಸಾಮಾನ್ಯದ್ದಲ್ಲ. ಯಾರ್ಕ್‌ಷೈರಿನ ಕರ್ಕ್‌ಡೇಲ್ ಗವಿಯಲ್ಲಿ 1821ರಲ್ಲಿ ಎಲುಬುಗಳ ರಾಶಿ ಸಿಕ್ಕಾಗ, ನೋಹನ ಪ್ರಳಯದ ನೀರು ಬಿಸಿದೇಶಗಳಿಂದ ಹೆಣ ಹೊತ್ತು ತಂದು ಅಲ್ಲಿ ಸುರಿಯಿತು ಅಂದವರಿದ್ದರು. ಬಕ್‌ಲ್ಯಾಂಡ್ ಒಪ್ಪಲಿಲ್ಲ. ಎಲುಬಿನ ಮೇಲಿನ ಕಡಿತದ ಗುರುತು ನೋಡಿದ. ಜೊತೆಗೆ ಸಿಕ್ಕ ಬಿಳಿ ಗಟ್ಟಿ ಉಂಡೆಗಳನ್ನು ಮೃಗಶಾಲೆಯ ಕಾವಲಿನವನಿಗೆ ತೋರಿಸಿದ. ಅವನು ನೋಡಿದ ಕೂಡಲೇ ಇದು ಕತ್ತೆಕಿರುಬದ ಹೇಲು ಅಂದ. ಸಾಕಾಯಿತು. ಕತ್ತೆಕಿರುಬಗಳು ಇಂಗ್ಲೆಂಡಿನಲ್ಲೇ ಬದುಕಿದ್ದವು, ಆ ಗವಿ ಅವುಗಳ ಮನೆಯಾಗಿತ್ತು, ಹೊರಗೆ ಸತ್ತದ್ದನ್ನು ತಂದು ಒಳಗೆ ಕಡಿಯುತ್ತಿದ್ದವು. ಎಲುಬು, ಹೇಲು, ಹಲ್ಲಿನ ಗುರುತು ಇವಿಷ್ಟರಿಂದ ಕಳೆದುಹೋದ ಲೋಕವೊಂದನ್ನು ಮರಳಿ ಕಟ್ಟಿದವರಲ್ಲಿ ಅವನು ಮೊದಲಿಗ. “ನಮ್ಮ ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಚಿತೆಯ ಬೂದಿ ಅಂದರು. ಫೂಟ್ ಬಂದು, ಅಲ್ರೀ, ಇದು ದನದ ಸಗಣಿ ಸುಟ್ಟದ್ದು ಅಂದ. ಆಮೇಲೆ ಅಗೆದವರು ಅದೇ ಸರಿ ಅಂದರು. ಸಗಣಿ, ಹೇಲು ಅಂತ ಮೂಗು ಮುಚ್ಚಿಕೊಳ್ಳುವವನು ನಮ್ಮ ಡಿಪಾರ್ಟ್‌ಮೆಂಟಿಗೆ ಬರಬಾರದು” ಅಂತ ಮೇಷ್ಟ್ರು ನಕ್ಕರು.

ಇಂಥ ಬಕ್‌ಲ್ಯಾಂಡ್ ಮನುಷ್ಯನ ವಿಷಯಕ್ಕೆ ಬಂದರೆ ಮಾತ್ರ ಹಿಂದೆ ಸರಿಯುತ್ತಿದ್ದ. 1823ರಲ್ಲಿ ವೇಲ್ಸಿನ ಪ್ಯಾವಿಲೆಂಡ್ ಎಂಬ ಕಡಲ ಗವಿಯಲ್ಲಿ ಅವನ ಕೈಗೇ ಒಂದು ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಕೆಂಪು ಕಾವಿಮಣ್ಣು ಮೆತ್ತಿತ್ತು, ಜೊತೆಗೆ ದಂತದ ಆಭರಣ, ಪಕ್ಕದಲ್ಲೇ ಮ್ಯಾಮತ್ತಿನ ತಲೆಬುರುಡೆ. ರೋಮನ್ನರ ಕಾಲದ ಯಾರೋ ಹೆಂಗಸು ಅಂತ ತೀರ್ಮಾನಿಸಿದ. “ಕೆಂಪು ಹೆಂಗಸು” ಎಂಬ ಹೆಸರು ಇವತ್ತಿಗೂ ಉಳಿದಿದೆ. ಅದು ಹೆಂಗಸಲ್ಲ, ಹರೆಯದ ಗಂಡಸು. ಸತ್ತು 30 ಸಾವಿರ ವರ್ಷದ ಮೇಲಾಗಿದೆ.

ಮೆಕೆನರಿಯ ಕಲ್ಲುಗಳಿಗೂ ಬಕ್‌ಲ್ಯಾಂಡನ ಬಳಿ ಉತ್ತರ ಸಿದ್ಧವಿತ್ತು. ಪುರಾತನ ಬ್ರಿಟನ್ ಜನ ಈ ಗವಿಯಲ್ಲಿ ವಾಸ ಮಾಡಿದ್ದಾರೆ, ಅಡುಗೆಗೆ ಒಲೆಗುಂಡಿ ತೋಡಿದ್ದಾರೆ, ಹಾಸುಗಲ್ಲನ್ನು ಒಡೆದೇ ತೋಡಿದ್ದಾರೆ. ಅವರ ಕೈಯ ಕಲ್ಲು ಆ ಗುಂಡಿಗಳಿಂದ ಕೆಳಗೆ ಬಿದ್ದು ಹಳೆಯ ಎಲುಬುಗಳ ಜೊತೆ ಸೇರಿಕೊಂಡಿವೆ. ಅಷ್ಟೇ.

ಆಗ ಕುರುಗೋಡಿನಿಂದ ಬರುತ್ತಿದ್ದ ಹುಡುಗಿ, ಕ್ಲಾಸಿನಲ್ಲಿ ಬಾಯಿಬಿಡದವಳು, ಕೇಳಿದಳು. “ಸಾರ್, ಬಕ್‌ಲ್ಯಾಂಡ್ ಹೇಳಿದ್ದರಲ್ಲಿ ತಪ್ಪೇನಿದೆ? ಗುಂಡಿ ತೋಡಿದರೆ ಕಲ್ಲು ಕೆಳಗೆ ಹೋಗಲ್ವಾ? ನಮ್ಮ ಹೊಲದಲ್ಲಿ ಬಾವಿ ತೋಡಿದಾಗ ಮೇಲಿನ ಮಣ್ಣಲ್ಲಿದ್ದ ಬಳೆ ಚೂರು ಕೆಳಗಿನ ಮಣ್ಣಲ್ಲಿ ಸಿಕ್ಕಿತ್ತು.”

ಮೇಷ್ಟ್ರು ಎದ್ದು ನಿಂತೇಬಿಟ್ಟರು. “ಇದನ್ನೇ ಕೇಳಬೇಕಮ್ಮಾ!” ಪ್ರಶ್ನೆ ನೂರಕ್ಕೆ ನೂರು ಸರಿ ಅಂದರು. ಅದಕ್ಕಿರುವ ಉತ್ತರ ಒಂದೇ: ಗುಂಡಿ ಇತ್ತೋ ಇಲ್ಲವೋ ಹೋಗಿ ನೋಡುವುದು. ಮೆಕೆನರಿ ಹೋಗಿ ನೋಡಿದ. ಹಾಸುಗಲ್ಲು ಎಲ್ಲೂ ಬಿರುಕಿಲ್ಲದೆ, ತೂತಿಲ್ಲದೆ ಇದ್ದ ಜಾಗಗಳನ್ನೇ ಆರಿಸಿ, ಅಲ್ಲಿ ಒಡೆದು, ಕೆಳಗಿಂದ ಕಲ್ಲುಗಳನ್ನು ತೆಗೆದ. ಒಲೆಗುಂಡಿ ಹುಡುಕಿದ, ಸಿಗಲಿಲ್ಲ. ಅದನ್ನು ಬರೆದೂ ಇಟ್ಟ. ಬರೆಯುವಾಗ ಇಷ್ಟು ದೊಡ್ಡವರ ಮಾತಿಗೆ ಎದುರು ಹೇಳುವುದು ನೋವಿನ ಸಂಗತಿ ಎಂಬ ಧಾಟಿಯಲ್ಲಿ ಬರೆದ. ಉಳಿದೆಲ್ಲ ವಿಷಯದಲ್ಲಿ ಅವರದ್ದೇ ಸರಿಯೆಂದು ಮೂರು ವರ್ಷ ಕಣ್ಣಾರೆ ಕಂಡಿದ್ದೇನೆ ಅಂತಲೂ ಸೇರಿಸಿದ. ಕೊನೆಗೆ ನಡುದಾರಿ ಹಿಡಿದ: ಮನುಷ್ಯ ಹಾಸುಗಲ್ಲು ಕಟ್ಟುವ ಮೊದಲೇ ಬಂದಿರಬೇಕು, ಆದರೆ ಆ ಮೃಗಗಳೆಲ್ಲ ಮಣ್ಣಾದ ಮೇಲೆ.

ನನಗೆ ಆ ನಡುದಾರಿ ಓದಿದಾಗಲೆಲ್ಲ ಸಂಕಟವಾಗುತ್ತದೆ. ಅವನ ಕಣ್ಣು ಕಂಡದ್ದೇ ಬೇರೆ, ಕೈ ಬರೆದದ್ದೇ ಬೇರೆ. ಅವನನ್ನು ಯಾವ ಬಿಷಪ್ಪೂ ಗದರಿಸಲಿಲ್ಲ, ಯಾರೂ ಪುಸ್ತಕ ಸುಡಲಿಲ್ಲ. ತಡೆದದ್ದು ಮರ್ಯಾದೆ. ಬಕ್‌ಲ್ಯಾಂಡ್ ಅವನಿಗೆ ಶತ್ರುವಲ್ಲ; ಬಾಗಿಲು ತೆರೆದ ಹಿರಿಯ, ಪತ್ರ ಬರೆದರೆ ಉತ್ತರ ಕೊಡುತ್ತಿದ್ದ ದೊಡ್ಡ ಮನುಷ್ಯ, ಪ್ರಾಣಿಗಳ ಎಲುಬಿನ ಬಗ್ಗೆ ಪುಸ್ತಕ ಮಾಡು ಅಂತ ಬೆನ್ನು ತಟ್ಟಿದವನು. ಆಕ್ಸ್‌ಫರ್ಡಿನ ಹೊಸ್ತಿಲು ತುಳಿಯಲಾಗದ ಐರಿಶ್ ಪಾದ್ರಿಗೆ ಆಕ್ಸ್‌ಫರ್ಡೇ ಮನೆಗೆ ಬಂದ ಹಾಗೆ. ಅಂಥವರಿಗೆ ನೀವು ಹೇಳಿದ್ದು ಸುಳ್ಳು ಅನ್ನುವುದು ಹೇಗೆ? ನಮ್ಮಲ್ಲಿ ಪಿಎಚ್‌ಡಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಬಕ್‌ಲ್ಯಾಂಡನನ್ನು ಖಳನಾಯಕ ಮಾಡಿ ಮುಗಿಸುವುದೂ ನ್ಯಾಯವಲ್ಲ. ಪ್ರಳಯದ ಗುರುತು ಗವಿಗಳಲ್ಲಿದೆ ಅಂತ 1823ರಲ್ಲಿ ದೊಡ್ಡ ಪುಸ್ತಕ ಬರೆದವನೇ 1836ರಲ್ಲಿ ಅದನ್ನು ಕೈಬಿಟ್ಟ. 1840ರಲ್ಲಿ ಹಿಮಯುಗದ ವಾದವನ್ನು ಒಪ್ಪಿಕೊಂಡ. ಮೆಕೆನರಿಯ ಕಡೆಯೂ ಒಂದು ದೊಡ್ಡ ಕೊರತೆಯಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಪುಸ್ತಕ ಆಗಲಿಲ್ಲ. ಗವಿಯ ಸಂಶೋಧನೆಗಳ ಬಗ್ಗೆ ಚಿತ್ರಸಹಿತ ಸಂಪುಟ ತರುವುದಾಗಿ ಪ್ರಕಟಣೆ ಹೊರಡಿಸಿದ. ಹಲ್ಲು ಮೂಳೆಗಳ ಚಿತ್ರಗಳ ಕಲ್ಲಚ್ಚೂ ಸಿದ್ಧವಾಯಿತು. ಅಚ್ಚಿನ ಖರ್ಚು ಹೊರುವಷ್ಟು ಚಂದಾದಾರರಿಲ್ಲ, ಮೈಯಲ್ಲಿ ಆರೋಗ್ಯವಿಲ್ಲ, ಮನಸ್ಸಿನಲ್ಲಿ ಧೈರ್ಯವಿಲ್ಲ. ಒಂದೇ ಭಾಗವನ್ನು ಮತ್ತೆ ಮತ್ತೆ ತಿದ್ದಿ ಬರೆದ ಹಾಳೆಗಳು ಪೇರಿಸಿಕೊಂಡವು. 1841ರ ಫೆಬ್ರವರಿಯಲ್ಲಿ ತೀರಿಕೊಂಡ. ಐವತ್ತೂ ತುಂಬಿರಲಿಲ್ಲ. ಅವನ ಸಂಗ್ರಹ ಹರಾಜಾಗಿ ಚೆಲ್ಲಾಪಿಲ್ಲಿಯಾಯಿತು, ಹಸ್ತಪ್ರತಿ ಎಲ್ಲಿ ಹೋಯಿತೆಂದು ಬಹಳ ಕಾಲ ಗೊತ್ತಾಗಲಿಲ್ಲ.

ಕತೆಯ ಎರಡನೇ ಅರ್ಧಕ್ಕೆ ಬರುವವನು ವಿಲಿಯಂ ಪೆಂಗೆಲಿ. ಕಾರ್ನ್‌ವಾಲ್ ಸೀಮೆಯ ಹಡಗಿನ ಕಪ್ತಾನನ ಮಗ, ಟಾರ್ಕೀಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಶಾಲಾ ಮೇಷ್ಟ್ರು, ಭೂವಿಜ್ಞಾನವನ್ನು ತಾನೇ ಓದಿ ಕಲಿತವನು. ನಮ್ಮ ಮೇಷ್ಟ್ರಿಗೆ ಈ ಮೇಷ್ಟ್ರ ಮೇಲೆ ವಿಪರೀತ ಪ್ರೀತಿ. 1846ರಲ್ಲಿ ಊರಿನ ನಿಸರ್ಗ ಸಂಘದ ಪರವಾಗಿ ಪೆಂಗೆಲಿ ಮತ್ತಿತರರು ಕೆಂಟ್ಸ್ ಗವಿಯಲ್ಲಿ ಅಗೆದರು. ಮೆಕೆನರಿ ಕಂಡದ್ದನ್ನೇ ಕಂಡರು. ಲಂಡನ್ನಿನ ಪಂಡಿತರ ಮುಂದೆ ಅದನ್ನು ಓದಿದರೂ ಯಾರೂ ಲಕ್ಷಿಸಲಿಲ್ಲ. ಈ ಗವಿಗೆ ಹೋಗಿಬಂದವರು ಎಷ್ಟು ಜನವೋ! ಗೋಡೆಯ ಮೇಲೆ 1571ರಷ್ಟು ಹಿಂದೆಯೇ ಹೆಸರು ಕೆತ್ತಿದವರಿದ್ದಾರೆ. ಇಷ್ಟು ತುಳಿದಾಡಿದ ನೆಲವನ್ನು ನಂಬುವುದು ಹೇಗೆ ಅನ್ನುವುದು ಪಂಡಿತರ ಆಕ್ಷೇಪ.

ಅದಕ್ಕೆ ಉತ್ತರ ಕೊಟ್ಟದ್ದು ಕೊಲ್ಲಿಯ ಆಚೆ ದಂಡೆಯ ಬ್ರಿಕ್ಸಮ್. 1858ರಲ್ಲಿ ಅಲ್ಲಿ ಕಲ್ಲು ಕೀಳುವಾಗ ಅದುವರೆಗೆ ಯಾರೂ ಹೊಕ್ಕಿರದ ಗವಿಯೊಂದು ಬಾಯ್ದೆರೆಯಿತು. ಆ ಜಾಗದ ಒಡೆಯ ಬಟ್ಟೆಗೆ ಬಣ್ಣ ಹಾಕುವವನು. ಇದರ ಬೆಲೆ ಕೂಡಲೇ ಗ್ರಹಿಸಿದವನು ಹ್ಯೂ ಫಾಲ್ಕನರ್. ಹೆಸರು ಕೇಳಿದ ಹಾಗಿದೆಯಾ ಅಂದರು ಮೇಷ್ಟ್ರು. ಸಹಾರನ್‌ಪುರದ ಸಸ್ಯೋದ್ಯಾನದಲ್ಲಿದ್ದು, ಶಿವಾಲಿಕ್ ಬೆಟ್ಟಗಳಲ್ಲಿ ಹಳೆಯ ಆನೆ, ಜಿರಾಫೆ, ಆಮೆಗಳ ಎಲುಬು ಹೆಕ್ಕಿದ ಅದೇ ಫಾಲ್ಕನರ್. ಅವನ ಒತ್ತಾಯದಿಂದ ಲಂಡನ್ನಿನ ಪಂಡಿತರ ಸಮಿತಿ ರಚನೆಯಾಯಿತು, ಹಣ ಬಂತು, ಅಗೆಯುವ ಮೇಲುಸ್ತುವಾರಿ ಪೆಂಗೆಲಿಗೆ ಸಿಕ್ಕಿತು. ಅದೇ ಜುಲೈಯಲ್ಲಿ ಮೊದಲ ಚಕಮಕಿ ಕಲ್ಲು ಹೊರಬಂತು. ಮೇಲೆ ಕೆಲವು ಅಂಗುಲ ದಪ್ಪದ ಅಖಂಡ ಸುಣ್ಣದ ಹಾಸು, ಆ ಹಾಸಿನೊಳಗೇ ಹೂತು ಕೂತ ಸಿಂಹ, ಕರಡಿ, ಘೇಂಡಾಮೃಗ, ಹಿಮಸಾರಂಗಗಳ ಎಲುಬು. ಅದರ ಕೆಳಗೆ ಮನುಷ್ಯ ಮಾಡಿದ ಕಲ್ಲು. ಒಲೆಗುಂಡಿಯ ಮಾತೆತ್ತಲು ಜಾಗವೇ ಇರಲಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ಫ್ರಾನ್ಸಿನಲ್ಲಿ ಬೂಶೆ ದ ಪೆರ್ತ್ ಎಂಬ ಸುಂಕದ ಅಧಿಕಾರಿ ಸೋಮ್ ನದಿಯ ಜಲ್ಲಿಯಲ್ಲಿ ಇಂಥದ್ದೇ ಕಲ್ಲು ಸಿಗುತ್ತದೆ ಅಂತ ವರ್ಷಗಟ್ಟಲೆ ಕೂಗುತ್ತಿದ್ದ, ಜನ ನಗುತ್ತಿದ್ದರು. 1859ರಲ್ಲಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಅಲ್ಲಿಗೆ ಹೋಗಿ, ಕಲ್ಲು ಜಲ್ಲಿಯಲ್ಲಿ ಇದ್ದ ಜಾಗದಲ್ಲೇ ಫೋಟೊ ತೆಗೆಸಿ, ಲಂಡನ್ನಿಗೆ ಬಂದು ಹೇಳಿದರು: ಆತ ಹೇಳಿದ್ದು ನಿಜ. ಒಬ್ಬ ದ್ರಾಕ್ಷಾರಸದ ವ್ಯಾಪಾರಿ, ಇನ್ನೊಬ್ಬ ಕಾಗದದ ಕಾರ್ಖಾನೆಯವನು. ಸುಂಕದವನು, ಶಾಲೆ ಮೇಷ್ಟ್ರು, ಪಾದ್ರಿ. ಈ ವಿದ್ಯೆಯನ್ನು ಕಟ್ಟಿದವರಲ್ಲಿ ಇದನ್ನೇ ಕಸುಬು ಮಾಡಿಕೊಂಡವರು ತೀರಾ ಕಮ್ಮಿ.

ಆ ಸುದ್ದಿ ಮದರಾಸಿಗೂ ಬಂತು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಗೆ 1858ರಲ್ಲಿ ಸೇರಿದ್ದ ರಾಬರ್ಟ್ ಬ್ರೂಸ್ ಫೂಟ್ ಅದನ್ನು ಓದಿ ಕಣ್ಣು ತೆರೆದಿಟ್ಟುಕೊಂಡಿದ್ದ. 1863ರ ಮೇ 30ರಂದು ಪಲ್ಲಾವರದ ಜಂಬಿಟ್ಟಿಗೆ ಜಲ್ಲಿಯಲ್ಲಿ ಅವನಿಗೆ ಒಂದು ಕೈಗೊಡಲಿ ಸಿಕ್ಕಿತು. ಭಾರತದ ಹಳೆಶಿಲಾಯುಗಕ್ಕೆ ಅಂದು ಬಾಗಿಲು ತೆರೆಯಿತು ಅನ್ನುತ್ತಾರೆ. ಅವನ ಮಾವನೂ ಪಾದ್ರಿಯೇ, ತಮಿಳು ಬಲ್ಲ ಪೀಟರ್ ಪರ್ಸಿವಲ್. ಅಲ್ಲಿಂದ ಫೂಟ್ ಬಳ್ಳಾರಿ, ರಾಯಚೂರು ಸೀಮೆ ಸುತ್ತಿದ; 1890ರ ದಶಕದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೂ ಅವನೇ ಮೊದಲ ಮುಖ್ಯಸ್ಥ. ನಮ್ಮ ಬೆನ್ನ ಹಿಂದಿದ್ದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನು, ಅಲ್ಲಿನ ಕೊಡಲಿ ಕಾರ್ಖಾನೆಯನ್ನು ಲೋಕಕ್ಕೆ ತಿಳಿಸಿದ್ದೂ ಅವನೇ.

ಇಲ್ಲಿಗೆ ಕತೆ ಮುಗಿಯಿತೆಂದು ಕೆಲವರು ಮೈಮುರಿದರು. ಮೇಷ್ಟ್ರು ಬಿಡಲಿಲ್ಲ. “ಮೆಕೆನರಿ ಮಾಡದೇ ಇದ್ದದ್ದೇನು, ಅದನ್ನು ಹೇಳಲಿಲ್ಲ ನಾನು” ಅಂದರು. 1865ರ ಮಾರ್ಚಿನಲ್ಲಿ ಪೆಂಗೆಲಿ ಮತ್ತೆ ಕೆಂಟ್ಸ್ ಗವಿಗೆ ಬಂದ, ಈ ಸಲ ಬ್ರಿಟಿಷ್ ಅಸೋಸಿಯೇಷನ್ನಿನ ಹಣದಲ್ಲಿ. ಮುಗಿಸಿದ್ದು 1880ರ ಜೂನಿನಲ್ಲಿ. ಹದಿನೈದು ವರ್ಷ! ಗವಿಯ ಮಣ್ಣನ್ನು ಒಂದು ಅಡಿ ಅಗಲ, ಒಂದು ಅಡಿ ಆಳ, ಒಂದು ಗಜ ಉದ್ದದ ತುಂಡುಗಳಾಗಿ ಭಾಗ ಮಾಡಿದ. ಒಂದೊಂದು ತುಂಡು ಮಣ್ಣನ್ನೂ ಮೊದಲು ಬತ್ತಿಯ ಬೆಳಕಿನಲ್ಲಿ ಅಲ್ಲೇ ಜಾಲಾಡಬೇಕು, ಆಮೇಲೆ ಗವಿಯ ಬಾಯಿಗೆ ಹೊತ್ತು ತಂದು ಹಗಲು ಬೆಳಕಿನಲ್ಲಿ ಮತ್ತೆ ನೋಡಬೇಕು. ಸಿಕ್ಕಿದ್ದೆಲ್ಲ ಒಂದು ಪೆಟ್ಟಿಗೆಗೆ, ಪೆಟ್ಟಿಗೆಗೊಂದು ಸಂಖ್ಯೆ, ಯಾವ ಸಾಲು, ಎಷ್ಟು ಆಳ, ಯಾವ ದಿನ. ಸಿಕ್ಕ ವಸ್ತುಗಳ ಲೆಕ್ಕ 80 ಸಾವಿರ ದಾಟಿತು. ಮೆಕೆನರಿ ಅಗೆದದ್ದು ಮನಸ್ಸು ಬಂದ ಕಡೆ, ಬರೆದಿಟ್ಟದ್ದು ನೆನಪಿನಿಂದ. ಕಣ್ಣು ಸುಳ್ಳು ಹೇಳಲಿಲ್ಲ, ಆದರೆ ಸಾಕ್ಷಿಗೆ ನಿಲ್ಲಿಸಲು ಕಾಗದವಿರಲಿಲ್ಲ. ಕುರುಗೋಡಿನ ಹುಡುಗಿಯಂಥವರು ಪ್ರಶ್ನೆ ಕೇಳಿದರೆ ತೆರೆದು ತೋರಿಸಲು ಪುಸ್ತಕವಿರಲಿಲ್ಲ.

ಇಷ್ಟು ಹೇಳಿ ಮೇಷ್ಟ್ರು ಹಗರಿಬೊಮ್ಮನಹಳ್ಳಿಯವನ ಕಡೆ ತಿರುಗಿದರು. “ನಿನ್ನ ಕೈಯಲ್ಲಿರೋದು ಎಲ್ಲಿ ಸಿಕ್ತಪ್ಪಾ?”

“ಅಲ್ಲೇ ಸಾರ್, ಗುಡ್ಡದ ಮೇಲೆ.”

“ಗುಡ್ಡ ಎಷ್ಟು ದೊಡ್ಡದಿದೆ?”

ಅವನು ತಲೆ ತಗ್ಗಿಸಿದ. ಹುಡುಕಿದರೆ ಇನ್ನೂ ಮೂವರ ಜೇಬಿನಲ್ಲಿ ಚಕ್ಕೆಗಳಿದ್ದವು. ಬೆಳಿಗ್ಗೆ ಗುಡ್ಡ ಹತ್ತಿಸಿ, ಯಾರು ಎಲ್ಲಿ ಹೆಕ್ಕಿದ್ದೀರೋ ಅಲ್ಲೇ ಇಡಿ ಅಂದರು. ಯಾರಿಗೂ ಜಾಗ ಗೊತ್ತಾಗಲಿಲ್ಲ. ಅಲ್ಲಿ ಬಡಿದರೆ ಗಂಟೆಯ ಹಾಗೆ ನಾದ ಹೊರಡುವ ಬಂಡೆಗಳಿವೆ; ಆ ಬಂಡೆಯ ಹತ್ತಿರವೇ ಸಿಕ್ಕಿದ್ದು ಅಂತ ನಾಲ್ವರೂ ಒಂದೇ ಸುಳ್ಳು ಹೇಳಿ ಪಾರಾದರು.

ಎಷ್ಟೋ ವರ್ಷದ ಮೇಲೆ ಡೆವನ್ನಿನಲ್ಲಿ ಕೆಲಸದಲ್ಲಿದ್ದ ನನ್ನ ತಂಗಿಯ ಮಗ ಟಾರ್ಕೀಗೆ ಕರೆದೊಯ್ದ. ಊರಿನಲ್ಲಿ ಎಲ್ಲಿ ನೋಡಿದರೂ ಅಗಾಥಾ ಕ್ರಿಸ್ಟಿ. ಅವಳು ಅಲ್ಲೇ ಹುಟ್ಟಿದವಳು, 1924ರ ಒಂದು ಕಾದಂಬರಿಯಲ್ಲಿ ಈ ಗವಿಯನ್ನು ಬೇರೆ ಹೆಸರಿಟ್ಟು ತಂದಿದ್ದಾಳೆ. “ಮಾವಾ, ಪಾದ್ರಿ ಹೆಸರು ಇಲ್ಲಿ ಯಾರಿಗೆ ಗೊತ್ತಿರುತ್ತೆ?” ಅಂದ ಹುಡುಗ. ಗವಿಯ ಗೈಡಿಗೆ ಗೊತ್ತಿತ್ತು. ಅವಳು 1927ರಲ್ಲಿ ಇಲ್ಲೇ ಸಿಕ್ಕ ಮನುಷ್ಯನ ದವಡೆಯ ತುಂಡಿನ ಬಗ್ಗೆ ಹೇಳಿದಳು. ಅದಕ್ಕೆ 40 ಸಾವಿರ ವರ್ಷ ದಾಟಿದೆ ಎಂದು 2011ರಲ್ಲಿ ಲೆಕ್ಕ ಹಾಕಿದ್ದಾರೆ, ತಕರಾರುಗಳೂ ಇವೆ. ಇನ್ನೂ ಕೆಳಗಿನ ಪದರದ ಕೈಗೊಡಲಿಗಳಿಗೆ ಸುಮಾರು ನಾಲ್ಕೂವರೆ ಲಕ್ಷ ವರ್ಷ ಹೇಳುತ್ತಾರೆ. ನನಗೆ ಬೇಕಿದ್ದದ್ದು ಮಾತ್ರ ಆ ಕತ್ತಿಹಲ್ಲುಗಳ ಸುದ್ದಿ.

ಯಾಕೆಂದರೆ ಮೆಕೆನರಿಯ ಮೇಲಿನ ಕೊನೆಯ ಅನುಮಾನ ಅವುಗಳದ್ದೇ. ಚಕಮಕಿ ಕಲ್ಲಿನ ವಿಷಯದಲ್ಲಿ ಅವನು ಗೆದ್ದ ಮೇಲೂ, ಆ ಹಲ್ಲುಗಳು ಈ ಗವಿಯವೇ ಹೌದೇ, ಬೇರೆಲ್ಲಿಂದಲೋ ಬಂದು ಪಾದ್ರಿಯ ಪೆಟ್ಟಿಗೆ ಸೇರಿದವೇ ಎಂದು ಪಂಡಿತರು ಪಿಸುಗುಡುತ್ತಿದ್ದರು. ಅವನ ನಂತರ ಯಾರಿಗೂ ಅಂಥದ್ದೊಂದು ಸಿಕ್ಕಿರಲಿಲ್ಲ. ಕಳೆದುಹೋಗಿದ್ದ ಹಸ್ತಪ್ರತಿ ಆ ಹೊತ್ತಿಗೆ ಮರಳಿ ಸಿಕ್ಕಿತ್ತು. 1859ರಲ್ಲಿ ಒಂದಷ್ಟು ಭಾಗ ಅಚ್ಚಾಗಿ, 1869ರಲ್ಲಿ ಪೆಂಗೆಲಿ ತಾನೇ ಕೂತು, ಪಾದ್ರಿ ತಿದ್ದಿದ ಹಾಳೆ, ಹೊಡೆದುಹಾಕಿದ ಸಾಲು ಎಲ್ಲವನ್ನೂ ಜೋಡಿಸಿ ಪೂರ್ತಿ ಪ್ರಕಟಿಸಿದ. ಅದನ್ನು ಓದಿಕೊಂಡೇ ಅಗೆಯುತ್ತಾ ಹೋದ. 1872ರ ಜುಲೈಯಲ್ಲಿ, ಏಳು ವರ್ಷದ ದುಡಿಮೆಯ ಮೇಲೆ, ಆಳುಗಳು ಗವಿಯ ಮಣ್ಣಿನಿಂದ ಒಂದು ಬಾಚಿಹಲ್ಲು ತೆಗೆದರು. ಅಂಚೆಲ್ಲ ಗರಗಸ. ಕತ್ತಿಹಲ್ಲಿನ ಬೆಕ್ಕಿನದ್ದೇ. ಪೆಂಗೆಲಿ ಅದನ್ನು ಪೆಟ್ಟಿಗೆಗೆ ಹಾಕಿ, ಸಂಖ್ಯೆ ಬರೆದು, ಸಾಲು, ಆಳ, ತಾರೀಖು ನಮೂದಿಸಿದ. ಅದನ್ನು ಯಾರೂ ಪ್ರಶ್ನಿಸಲಿಲ್ಲ.